ಇಶಾಡ ಮಾವಿನ ಪೈ: ಮೇಲೆ ಕೆಂಪಗೆ ಬೇಯುತ್ತದೆ, ತಳ ಮಾತ್ರ ಹಸಿ

ಅಂಕೋಲಾ_ಹಿತ್ತಿಲು:

ಎಲ್ಲರಿಗೂ ನಮಸ್ಕಾರ. ತವರುಮನೆಯಿಂದ ಒಂದು ಬುಟ್ಟಿ ಕರಿ ಇಶಾಡ ಬಂದಿದೆ. ಹುಲ್ಲು ಹಾಸಿ ಕಳಿಸಿದ್ದಾರೆ, ನಲವತ್ತರ ಹತ್ತಿರ ಇರಬಹುದು. ಈ ಹಣ್ಣು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಸಿಪ್ಪೆ ತೆಳು, ಹಣ್ಣಾದ ಮೇಲೆ ಹೆಚ್ಚು ದಿನ ಇಡೋಕಾಗಲ್ಲ. ರಸಾಯನ ಆಯಿತು, ಸಾಸಿವೆ ಆಯಿತು, ಅಕ್ಕಪಕ್ಕದ ಮನೆಗೆ ಹಂಚಿದ್ದೂ ಆಯಿತು. ಮಗಳು ಹುಬ್ಬಳ್ಳಿಯಲ್ಲಿ ಓದುತ್ತಾಳೆ, ರಜೆಗೆ ಬಂದಿದ್ದಾಳೆ. ಅವಳಿಗೆ ಈ ಸಲ ನಮ್ಮ ಇಶಾಡದ್ದೇ ಪೈ ಬೇಕಂತೆ.

ಎರಡು ಸಲ ಮಾಡಿದೆ. ಎರಡೂ ಸಲ ಒಂದೇ ಕಥೆ. ಮೇಲಿನ ಪದರ ಚೆನ್ನಾಗಿ ಕೆಂಪಗಾಗುತ್ತದೆ, ಮನೆ ತುಂಬಾ ಪರಿಮಳ ಬರುತ್ತದೆ. ಚಾಕು ಇಟ್ಟ ತಕ್ಷಣ ಹಳದಿ ನೀರು ಬದಿಗೆ ಹರಿದು ಬರುತ್ತದೆ. ತುಂಡು ಎತ್ತಿದರೆ ತಳ ಪಾತ್ರೆಗೇ ಅಂಟಿಕೊಂಡಿರುತ್ತದೆ. ಬೆರಳಿನಿಂದ ಕೆರೆದು ನೋಡಿದೆ, ಬೇಯದ ಚಪಾತಿ ಹಿಟ್ಟಿನ ಹಾಗೆ ಬಿಳಿ, ಜಿಗುಟು.

ನಾನು ಮಾಡಿದ್ದು ಹೀಗೆ. ಮೈದಾ, ಮನೆಯಲ್ಲೇ ಕಡೆದ ಬೆಣ್ಣೆ, ಸ್ವಲ್ಪ ಉಪ್ಪು, ತಣ್ಣೀರು. ಹಣ್ಣು ಹೆಚ್ಚಿ ಸಕ್ಕರೆ ಮತ್ತು ಒಂದು ಚಮಚ ಕಾರ್ನ್‌ಫ್ಲೋರ್ ಕಲಸಿ ಹಾಗೇ ತುಂಬಿದೆ. ಗಾಜಿನ ಪಾತ್ರೆ. ಓಟಿಜಿಯಲ್ಲಿ, ಅಂದರೆ ಮನೆಯ ಸಣ್ಣ ಕರೆಂಟ್ ಓವನ್‌ನಲ್ಲಿ, ನಡುವಿನ ಸಾಲಿನಲ್ಲಿಟ್ಟು 180 ಡಿಗ್ರಿಯಲ್ಲಿ 45 ನಿಮಿಷ. ಊಟ ಮುಗಿಸಿ ಮಧ್ಯಾಹ್ನ ಎರಡು ಗಂಟೆಗೆ ಲಟ್ಟಿಸಲು ಕೂತಿದ್ದೆ, ಹಿಟ್ಟು ಲಟ್ಟಣಿಗೆಗೆ ಅಂಟಿ ಅಂಟಿ ಸಾಕಾಗಿ ಹೋಯಿತು. ಎರಡನೇ ಸಲ ಅದಕ್ಕೇ ಮೈದಾ ಜಾಸ್ತಿ ಹಾಕಿದೆ, ಆಗ ಮೇಲಿನ ಪದರ ಕೂಡ ಗಟ್ಟಿಯಾಯಿತು.

ತಪ್ಪು ಎಲ್ಲಿ? ಇಶಾಡ ಪೈಗೆ ಆಗುವ ಹಣ್ಣೇ ಅಲ್ವಾ? ಇನ್ನು ಹದಿನೈದು ಹಣ್ಣು ಉಳಿದಿವೆ, ಅದರಲ್ಲಿ ಅರ್ಧ ನಾಳೆ ನಾಡಿದ್ದರಲ್ಲಿ ಮುಗಿಸಲೇಬೇಕು.

ಶಿರಸಿ_ಅಡಿಗೆಮನೆ:

ತಂಗೀ, ಹಣ್ಣಿನಲ್ಲಿ ತಪ್ಪಿಲ್ಲ, ಆದರೆ ಹಣ್ಣಾದ ಇಶಾಡವನ್ನು ಹೆಚ್ಚಿ ಹಸಿಯಾಗಿ ತುಂಬಿದ್ದು ತಪ್ಪು. ಪೈ ಪಾಕವಿಧಾನ ಎಲ್ಲ ಸೇಬಿಗೆ ಬರೆದದ್ದು. ಸೇಬು ಗಟ್ಟಿ, ಹುಳಿ ಇರುತ್ತದೆ, ಬೆಂದರೂ ಹೋಳು ಹೋಳಾಗಿ ನಿಲ್ಲುತ್ತದೆ. ಜಾಮ್ ಗಟ್ಟಿಯಾಗುವುದಕ್ಕೆ ಕಾರಣವಾಗುವ ಪೆಕ್ಟಿನ್ ಅದರಲ್ಲಿ ಚೆನ್ನಾಗಿ ಇದೆ. ಇಶಾಡದಲ್ಲಿ ನಾರೇ ಇಲ್ಲ, ಹಿಂಡಿದರೆ ರಸ. ಅದರ ದೊಡ್ಡ ಗುಣವೇ ಅದು. ಅದನ್ನು ಹೋಳಾಗಿ ನಿಲ್ಲು ಎಂದರೆ ಎಲ್ಲಿ ನಿಲ್ಲುತ್ತದೆ ಹೇಳಿ.

ನಾನು ಮಾಡುವುದು ಹೀಗೆ. ಎರಡು ಬಗೆಯ ಮಾವು ತೆಗೆದುಕೊಳ್ಳುತ್ತೇನೆ. ಒಂದು ನಿಮ್ಮ ಇಶಾಡ, ಪೂರ್ತಿ ಹಣ್ಣು. ಇನ್ನೊಂದು ದೋರೆಗಾಯಿ, ತೋತಾಪುರಿ ಸಿಕ್ಕರೆ ಒಳ್ಳೆಯದು, ಒಳಗೆ ತಿಳಿ ಹಳದಿ ಬಂದಿರಬೇಕು, ಒತ್ತಿದರೆ ಗಟ್ಟಿ ಇರಬೇಕು. ಇಶಾಡದ ರಸ ಹಿಂಡಿ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕುದಿಸಿ, ಮೂರು ಲೋಟ ರಸ ಒಂದೂವರೆ ಲೋಟಕ್ಕೆ ಇಳಿಯಬೇಕು. ಸೌಟಿನಿಂದ ತಳದಲ್ಲಿ ಗೆರೆ ಎಳೆದರೆ ಆ ಗೆರೆ ಒಂದು ಗಳಿಗೆ ಹಾಗೇ ನಿಂತು ಆಮೇಲೆ ನಿಧಾನ ಮುಚ್ಚಿಕೊಳ್ಳಬೇಕು. ಆಗ ದೋರೆಗಾಯಿ ಹೋಳು ಹಾಕಿ ಐದು ನಿಮಿಷ, ಸಕ್ಕರೆ ಹಾಕಿ, ಕಾರ್ನ್‌ಫ್ಲೋರನ್ನು ತಣ್ಣೀರಲ್ಲಿ ಕದಡಿ ಹಾಕಿ, ಎರಡು ಮೂರು ಕುದಿ ಬಂದ ಮೇಲೆ ಇಳಿಸಿ. ಏಲಕ್ಕಿ ಎರಡೇ ಎರಡು ಸಾಕು, ಜಾಸ್ತಿಯಾದರೆ ಇಶಾಡದ ಪರಿಮಳ ಸತ್ತೇ ಹೋಗುತ್ತದೆ.

ಪೂರ್ತಿ ತಣ್ಣಗಾಗದೆ ತುಂಬಬೇಡಿ. ಬಿಸಿ ಹೂರಣ ಹಾಕಿದರೆ ಬೆಣ್ಣೆ ಓವನ್‌ಗೆ ಹೋಗುವ ಮೊದಲೇ ಕರಗುತ್ತದೆ.

ಕಾರವಾರ_ಬೇಕರಿ:

ಶಿರಸಿ ಅಕ್ಕ ಹಣ್ಣಿನ ಬಗ್ಗೆ ಸರಿಯಾಗಿ ಹೇಳಿದ್ದಾರೆ. ನಾನು ಹಿಟ್ಟಿನ ಬಗ್ಗೆ ಹೇಳುತ್ತೇನೆ, 18 ವರ್ಷ ಬೇಕರಿಯಲ್ಲಿ ಕೆಲಸ ಮಾಡಿದ್ದೇನೆ, ಈಗ ಮನೆಯಲ್ಲೇ ಆರ್ಡರ್ ತೆಗೆದುಕೊಳ್ಳುತ್ತೇನೆ. ನಮ್ಮ ಕರಾವಳಿಯಲ್ಲಿ ಮೇ ತಿಂಗಳಲ್ಲಿ ಪೈ ಮಾಡುವುದು ಅಂದರೆ ಸೆಕೆ ಜೊತೆ ಗುದ್ದಾಡುವುದೇ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ.

ಪೈ ಪದರ ಪದರವಾಗಿ ಬರಲು ಕಾರಣ ಬೆಣ್ಣೆಯ ಚೂರು. ಹಿಟ್ಟಿನ ನಡುವೆ ಕಡಲೆಕಾಳಿನ ಗಾತ್ರದ ಬೆಣ್ಣೆ ಚೂರು ಗಟ್ಟಿಯಾಗಿಯೇ ಉಳಿದಿರಬೇಕು. ಬಿಸಿ ಓವನ್‌ಗೆ ಹೋದಾಗ ಆ ಬೆಣ್ಣೆ ಕರಗಿ, ಅದರಲ್ಲಿರುವ ನೀರು ಆವಿಯಾಗಿ, ಹಿಟ್ಟನ್ನು ಮೇಲಕ್ಕೆ ಎತ್ತುತ್ತದೆ. ಅಷ್ಟೇ ಗುಟ್ಟು. ನೀವು ಮಧ್ಯಾಹ್ನ ಎರಡು ಗಂಟೆಗೆ ಲಟ್ಟಿಸಿದ್ದೀರಿ. ಆಗ ಅಡುಗೆಮನೆ 33, 34 ಡಿಗ್ರಿ ಇರುತ್ತದೆ, ಬೆಣ್ಣೆ ಕರಗುವುದೂ ಅಲ್ಲೇ ಸುಮಾರಿಗೆ. ಅಂದರೆ ನಿಮ್ಮ ಬೆಣ್ಣೆ ಓವನ್ ನೋಡುವ ಮೊದಲೇ ಕರಗಿ ಮೈದಾಕ್ಕೆ ಇಳಿದಿದೆ. ಅಂಟುತ್ತದೆ ಅಂತ ಮೈದಾ ಸೇರಿಸಿದಿರಿ, ಮತ್ತೆ ಮತ್ತೆ ಲಟ್ಟಿಸಿದಿರಿ, ಹಿಟ್ಟಿನಲ್ಲಿ ಜಿಗಿ ಎದ್ದು ಗಟ್ಟಿಯಾಯಿತು.

ಇನ್ನೊಂದು, ಮನೆಯಲ್ಲಿ ಕಡೆದ ಬೆಣ್ಣೆ. ರುಚಿಗೆ ಅದಕ್ಕೆ ಸಮ ಇಲ್ಲ, ನಾನೂ ಒಪ್ಪುತ್ತೇನೆ. ಆದರೆ ಅದರಲ್ಲಿ ಮಜ್ಜಿಗೆ, ನೀರು ಉಳಿದಿರುತ್ತದೆ. ಪ್ಯಾಕೆಟ್ ಬೆಣ್ಣೆಯಲ್ಲಿ 100 ಗ್ರಾಂಗೆ ಕನಿಷ್ಠ 80 ಗ್ರಾಂ ಕೊಬ್ಬು ಇರಲೇಬೇಕು, ಮನೆ ಬೆಣ್ಣೆಗೆ ಅಂಥ ಲೆಕ್ಕ ಇಲ್ಲ. ಮನೆಯದ್ದೇ ಹಾಕಬೇಕು ಅಂದರೆ ಐಸ್ ನೀರಿನಲ್ಲಿ ಮೂರು ನಾಲ್ಕು ಸಲ ತೊಳೆಯಿರಿ, ನೀರು ತಿಳಿಯಾಗಿ ಬರುವವರೆಗೆ. ಆಮೇಲೆ ಬಟ್ಟೆಯಲ್ಲಿ ಕಟ್ಟಿ ಒತ್ತಿ, ತಟ್ಟೆಯಲ್ಲಿ ತೆಳ್ಳಗೆ ಹರಡಿ ಫ್ರೀಜರ್‌ನಲ್ಲಿಟ್ಟು ಕಲ್ಲಿನ ಹಾಗೆ ಮಾಡಿಕೊಳ್ಳಿ. ಹಿಟ್ಟಿಗೆ ನೀರು ಹಾಕುವಾಗಲೂ ಅರ್ಧ ಹಾಕಿ ನೋಡಿ, ಬೇಕಾದರೆ ಮಾತ್ರ ಮುಂದೆ.

ಅಳತೆ. 8 ಇಂಚಿನ ಟಿನ್, ಮೇಲೂ ಕೆಳಗೂ ಪದರ ಬೇಕಾದರೆ ಮೈದಾ 250 ಗ್ರಾಂ, ಬೆಣ್ಣೆ 160 ಗ್ರಾಂ, ಉಪ್ಪು ಅರ್ಧ ಚಮಚ, ಸಕ್ಕರೆ ಒಂದು ಚಮಚ, ಐಸ್ ನೀರು 60ರಿಂದ 70 ಮಿಲಿ. ಮೈದಾವನ್ನೂ ಹಿಂದಿನ ರಾತ್ರಿ ಫ್ರಿಜ್‌ನಲ್ಲಿಡಿ. ಬೆಣ್ಣೆಯನ್ನು ಕಾಯಿ ತುರಿಯುವ ಹಾಗೆ ತುರಿದು ಹಾಕಿ, ಅಂಗೈ ತಾಗಿಸಬೇಡಿ, ಬೆರಳ ತುದಿ ಸಾಕು. ನೀರು ಹಾಕಿದ ಮೇಲೆ ನಾದಬೇಡಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ನೋಡಲು ಇನ್ನೂ ಪುಡಿ ಪುಡಿ ಇರಬೇಕು, ಆಗ ನಿಲ್ಲಿಸಿ. ಎರಡು ಭಾಗ ಮಾಡಿ, ಚಪ್ಪಟೆ ಬಿಲ್ಲೆ ಮಾಡಿ, ಸುತ್ತಿ, ಒಂದು ಗಂಟೆ ಫ್ರಿಜ್.

ಲಟ್ಟಿಸುವುದು ಬೆಳಗ್ಗೆ ಐದೂವರೆ ಆರು ಗಂಟೆಗೆ. ಎರಡು ಬಟರ್ ಪೇಪರ್ ನಡುವೆ ಇಟ್ಟು ಲಟ್ಟಿಸಿ. ದೊಡ್ಡ ಸ್ಟೀಲ್ ಹರಿವಾಣದಲ್ಲಿ ಐಸ್ ಹಾಕಿ ಕಟ್ಟೆಯ ಮೇಲೆ ಹತ್ತು ನಿಮಿಷ ಇಟ್ಟು, ಅದನ್ನು ತೆಗೆದು, ಒರೆಸಿ, ಅದೇ ಜಾಗದಲ್ಲಿ ಲಟ್ಟಿಸಿದರೆ ಇನ್ನೂ ಒಳ್ಳೆಯದು. ಹಿಟ್ಟು ಮೆತ್ತಗಾಯಿತು ಅನಿಸಿದ ತಕ್ಷಣ ಪೇಪರ್ ಸಮೇತ ಫ್ರಿಜ್‌ಗೆ. ಇದಕ್ಕೆ ಮೈದಾ ಉದುರಿಸುವುದು ಪರಿಹಾರ ಅಲ್ಲ.

ಈಗ ತಳದ ವಿಷಯ, ನಿಮ್ಮ ಮುಖ್ಯ ಪ್ರಶ್ನೆ. ಗಾಜಿನ ಪಾತ್ರೆ ಬಿಸಿಯಾಗುವುದು ನಿಧಾನ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಅಲ್ಯೂಮಿನಿಯಂ ಟಿನ್ ಸಿಗುತ್ತದೆ, ಅದನ್ನು ತನ್ನಿ. ಓಟಿಜಿಯನ್ನು 220ಕ್ಕೆ ಇಟ್ಟು, ಕೆಳಗಿನ ಸಾಲಿನಲ್ಲಿ ಅದರದೇ ಕಬ್ಬಿಣದ ಟ್ರೇ ಹಾಕಿ, 20 ನಿಮಿಷ ಕಾಯಿಸಿ. ಪೈಯನ್ನು ಆ ಕಾದ ಟ್ರೇ ಮೇಲೆಯೇ ಇಡಬೇಕು, ತಳಕ್ಕೆ ಮೊದಲ ಕ್ಷಣದಲ್ಲೇ ಬಿಸಿ ತಾಗಬೇಕು. 220ರಲ್ಲಿ 20 ನಿಮಿಷ, ಆಮೇಲೆ 180ಕ್ಕೆ ಇಳಿಸಿ 30, 35 ನಿಮಿಷ. ಮೇಲೆ ಬೇಗ ಕೆಂಪಾದರೆ ಫಾಯಿಲ್ ಮುಚ್ಚಿ, ಹೊರಗೆ ತೆಗೆಯಬೇಡಿ. ಬಣ್ಣ ನೋಡಿ ತೆಗೆಯುವುದೇ ಎಲ್ಲರೂ ಮಾಡುವ ತಪ್ಪು. ನಡುಭಾಗದ ತೂತಿನಲ್ಲಿ ಹೂರಣ ದಪ್ಪ ದಪ್ಪ ಗುಳ್ಳೆಯಾಗಿ, ಪಾಯಸದ ಹಾಗೆ ನಿಧಾನ ಕುದಿಯುವುದು ಕಾಣಬೇಕು. ಕಾರ್ನ್‌ಫ್ಲೋರ್ ಕುದಿಯುವ ಹತ್ತಿರ ಬಂದರೆ ಮಾತ್ರ ಪೂರ್ತಿ ದಪ್ಪವಾಗುತ್ತದೆ, ನಿಮ್ಮ ಪೈಯಲ್ಲಿ ಒಳಗೆ ಅಷ್ಟು ಬಿಸಿಯೇ ಮುಟ್ಟಿಲ್ಲ, ಅದಕ್ಕೇ ಆ ಹಳದಿ ನೀರು.

ಯಲ್ಲಾಪುರ_ಮನೆ:

ಬೆಣ್ಣೆ ಇಷ್ಟು ಕಷ್ಟ ಕೊಡುತ್ತದೆ ಅಂದರೆ ತುಪ್ಪ ಹಾಕಿ ಮುಗಿಸಬಹುದಲ್ಲ? ನಾವು ಕರ್ಜಿಕಾಯಿಗೆ ತುಪ್ಪವನ್ನೇ ಹಾಕುವುದು, ಗರಿಗರಿಯಾಗಿ ಬರುತ್ತದೆ.

ಕಾರವಾರ_ಬೇಕರಿ:

ತುಪ್ಪ ಹಾಕಬಹುದು, ಆದರೆ ಬರುವುದು ಬೇರೆ ತಿಂಡಿ. ತುಪ್ಪದಲ್ಲಿ ನೀರಿಲ್ಲ, ಆವಿ ಇಲ್ಲ, ಪದರ ಏಳುವುದಿಲ್ಲ. ನಾನ್‌ಖಟಾಯಿ ಹಾಗೆ ಪುಡಿಯಾಗುವ ತಳ ಸಿಗುತ್ತದೆ. ಮೇಲೆ ಮುಚ್ಚದ ತೆರೆದ ಪೈಗೆ ಅದು ಚೆನ್ನಾಗಿಯೇ ಇರುತ್ತದೆ, ನೀರನ್ನು ಹೀರುವುದೂ ಕಡಿಮೆ. ಮುಚ್ಚಿದ ಪೈಗೆ ಬೇಕಾದರೆ ಮುಕ್ಕಾಲು ಬೆಣ್ಣೆ, ಕಾಲು ಭಾಗ ಗಟ್ಟಿ ತುಪ್ಪ ಹಾಕಿ ನೋಡಿ. ಮೇ ತಿಂಗಳಲ್ಲಿ ತುಪ್ಪವನ್ನೂ ಫ್ರಿಜ್‌ನಲ್ಲಿಟ್ಟು ಗಟ್ಟಿ ಮಾಡಿಕೊಳ್ಳಬೇಕು ಅನ್ನುವುದು ನೆನಪಿರಲಿ.

ಗೋಕರ್ಣ_ದಾರಿ:

ನನಗೆ ಒಂದು ಮಾತು ಹೇಳಲೇಬೇಕು, ಬೇಸರ ಮಾಡಿಕೊಳ್ಳಬೇಡಿ. ಇಶಾಡವನ್ನು ಕುದಿಸಿ ಕುದಿಸಿ ಅರ್ಧ ಮಾಡುವುದು ಅಂದರೆ ನನಗೆ ಸಂಕಟ ಆಗುತ್ತದೆ. ಅಂಕೋಲಾ ಪೇಟೆಯಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿ ಇಟ್ಟು ಕೂತಿರುತ್ತಾರಲ್ಲ, ಅಲ್ಲಿ ಹತ್ತು ಹೆಜ್ಜೆ ದೂರದಿಂದಲೇ ಇಶಾಡ ಬಂದಿದೆ ಅಂತ ಮೂಗಿಗೆ ಗೊತ್ತಾಗುತ್ತದೆ. ಆ ಪರಿಮಳಕ್ಕೇ ಅಲ್ವಾ ನಾವು ವರ್ಷವಿಡೀ ಕಾಯುವುದು. 2023ರಲ್ಲಿ ಕರಿ ಇಶಾಡಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿತು. ಬೇಯಿಸಿದ ಮೇಲೆ ಅದು ಯಾವ ಮಾವು ಅಂತ ಯಾರಿಗೆ ಗೊತ್ತಾಗುತ್ತದೆ? ಪೈಗೆ ಬೇರೆ ಮಾವು ಹಾಕಿ, ಇಶಾಡ ಹಾಗೇ ತಿನ್ನಿ.

ಶಿರಸಿ_ಅಡಿಗೆಮನೆ:

ತಮ್ಮಾ, ಸಂಕಟ ಅರ್ಥವಾಗುತ್ತದೆ, ನೀವು ಹೇಳಿದ್ದರಲ್ಲಿ ನಿಜ ಇದೆ. ಕುದಿಸಿದರೆ ಮೇಲಿನ ಪರಿಮಳ ಹೋಗುತ್ತದೆ, ಸಿಹಿ ಮತ್ತು ಬಣ್ಣ ಉಳಿಯುತ್ತದೆ. ಅದಕ್ಕೆ ನಾನು ಒಂದು ಲೋಟ ಹಸಿ ರಸ ಬೇರೆ ತೆಗೆದಿಡುತ್ತೇನೆ. ಕುದಿಸುವುದಿಲ್ಲ, ಸಕ್ಕರೆ ಹಾಕುವುದಿಲ್ಲ, ಫ್ರಿಜ್‌ನಲ್ಲಿ ತಣ್ಣಗೆ ಇಡುವುದು. ಪೈ ತುಂಡು ತಟ್ಟೆಗೆ ಹಾಕಿದ ಮೇಲೆ ಮೇಲಿನಿಂದ ಎರಡು ಚಮಚ ಸುರಿಯುವುದು. ಕೆಳಗೆ ಬೆಂದ ಮಾವು, ಮೇಲೆ ಹಸಿ ಇಶಾಡ. ಬುಟ್ಟಿಯಲ್ಲಿ ಅತೀ ಹಣ್ಣಾದದ್ದು, ಒಂದು ಕಡೆ ಪೆಟ್ಟು ತಿಂದದ್ದು ಇರುತ್ತದಲ್ಲ, ಅದನ್ನು ಕುದಿಸಲು ಹಾಕಿ. ಒಳ್ಳೆಯದನ್ನು ಹಸಿ ರಸಕ್ಕೆ ಇಡಿ.

ಬನವಾಸಿ_ತೋಟ:

ಮಾವಿಗೇ ಯಾಕೆ ಇಷ್ಟು ಒದ್ದಾಟ? ನಮ್ಮ ಬನವಾಸಿ ಕಡೆ ಅನಾನಸ್ ಧಾರಾಳ. ಸಣ್ಣ ಹೋಳು ಮಾಡಿ ಸಕ್ಕರೆ ಹಾಕಿ ಬಾಣಲೆಯಲ್ಲಿ ನೀರು ಆರುವವರೆಗೆ ಬಾಡಿಸಿದರೆ ಹೋಳು ಹೋಳಾಗಿಯೇ ಇರುತ್ತದೆ, ಹುಳಿಯೂ ಅದರದೇ ಇರುತ್ತದೆ, ನಿಂಬೆ ಬೇಡ. ಎರಡು ಲವಂಗ, ಚಿಟಿಕೆ ಕಾಳುಮೆಣಸಿನ ಪುಡಿ ಹಾಕಿ, ಮತ್ತೇನೂ ಬೇಡ. ಮೊದಲ ಸಲ ಪೈ ಮಾಡುವವರು ಅನಾನಸ್‌ನಲ್ಲಿ ಕೈ ಪಳಗಿಸಿಕೊಂಡು ಆಮೇಲೆ ಮಾವಿಗೆ ಹೋಗುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಕುಮಟಾ_ಹುಡುಗ:

ನಮ್ಮ ಮನೆಯಲ್ಲಿ ಓವನ್ ಇಲ್ಲ. ಕುಕ್ಕರ್‌ನಲ್ಲಿ ಆಗುತ್ತದಾ? ಕೇಕ್ ಮಾಡಿದ್ದೇನೆ, ಚೆನ್ನಾಗಿ ಬಂದಿದೆ.

ಕಾರವಾರ_ಬೇಕರಿ:

ಆಗುತ್ತದೆ, ಆದರೆ ಮೇಲಿನ ಪದರ ಬಿಡಬೇಕು. ಕುಕ್ಕರ್‌ನಲ್ಲಿ ಬಿಸಿ ಕೆಳಗಿನಿಂದ ಬರುತ್ತದೆ, ಮೇಲೆ ಬಿಳಿಚಿಕೊಂಡೇ ಇರುತ್ತದೆ. ಗ್ಯಾಸ್ಕೆಟ್ ಮತ್ತು ವೇಟ್ ತೆಗೆಯಿರಿ, ತಳಕ್ಕೆ ಒಂದು ಇಂಚು ಉಪ್ಪು, ಮೇಲೆ ಸ್ಟ್ಯಾಂಡ್, 15 ನಿಮಿಷ ಕಾಯಿಸಿ. ಟಿನ್‌ನಲ್ಲಿ ತುಪ್ಪದ ಹಿಟ್ಟನ್ನು ಒತ್ತಿ, ಫೋರ್ಕ್‌ನಿಂದ ಚುಚ್ಚಿ, ಖಾಲಿ ತಳವನ್ನೇ ಮೊದಲು 25 ನಿಮಿಷ ಬೇಯಿಸಿ. ಆಮೇಲೆ ಬಾಣಲೆಯಲ್ಲಿ ಪೂರ್ತಿ ಬೆಂದ ಹೂರಣ ತುಂಬಿ ಇನ್ನು ಹತ್ತು ನಿಮಿಷ. ಮೇಲೆ ಗರಿ ಬೇಕಾದರೆ ಕಾಯಿತುರಿ, ಸ್ವಲ್ಪ ರವೆ, ತುಪ್ಪ, ಬೆಲ್ಲ ಬೇರೆಯಾಗಿ ಕೆಂಪಗೆ ಹುರಿದು ಉದುರಿಸಿ. ಅದು ಪೈಗಿಂತ ಕಡಿಮೆ ಏನೂ ಅಲ್ಲ.

ಅಂಕೋಲಾ_ಹಿತ್ತಿಲು:

ಎಲ್ಲರಿಗೂ ತುಂಬಾ ಧನ್ಯವಾದ, ಒಂದೇ ದಿನದಲ್ಲಿ ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಬೇಕರಿ ಅಣ್ಣಾ, ಎರಡು ಪ್ರಶ್ನೆ. ನಮ್ಮಲ್ಲಿ ಸಂಜೆ ಗಾಳಿ ಮಳೆ ಶುರುವಾದರೆ ಕರೆಂಟ್ ಹೋಗುತ್ತದೆ, ಪೈ ಒಳಗಿರುವಾಗ ಹೋದರೆ ಏನು ಮಾಡುವುದು? ಮತ್ತೆ, ಮನೆಯಲ್ಲಿ ಮೊಟ್ಟೆ ತರುವುದಿಲ್ಲ, ಮೇಲೆ ಹಚ್ಚಲು ಏನು? ಶಿರಸಿ ಅಕ್ಕಾ, ಸಕ್ಕರೆ ಬದಲು ಜೋನಿ ಬೆಲ್ಲ ಹಾಕಬಹುದಾ?

ಕಾರವಾರ_ಬೇಕರಿ:

ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ. ಮೊದಲ 20 ನಿಮಿಷ ದಾಟಿದ್ದರೆ ಒಳಗಿನ ಬಿಸಿಯಲ್ಲೇ ಸ್ವಲ್ಪ ಹೊತ್ತು ಬೇಯುತ್ತಿರುತ್ತದೆ, ಬಂದ ಮೇಲೆ ಹದಿನೈದು ನಿಮಿಷ ಜಾಸ್ತಿ ಕೊಡಿ. ಬೆಳಗ್ಗೆಯೇ ಮಾಡಿದರೆ ಈ ಚಿಂತೆಯೂ ಕಡಿಮೆ. ಮೊಟ್ಟೆ ಬೇಡ, ಕೆನೆ ಇರುವ ಹಾಲು ಹಚ್ಚಿ, ಮೇಲೆ ಚಿಟಿಕೆ ಸಕ್ಕರೆ ಉದುರಿಸಿ. ಮುಚ್ಚಳವನ್ನು ಪೂರ್ತಿ ಮುಚ್ಚುವ ಬದಲು ಪಟ್ಟಿ ಕತ್ತರಿಸಿ ಚಾಪೆ ಹೆಣೆದ ಹಾಗೆ ಹಾಕಿ. ಆವಿ ಹೊರಗೆ ಹೋಗಲು ದಾರಿ ಸಿಗುತ್ತದೆ, ಮಾವಿಗೆ ಅದು ಬೇಕೇ ಬೇಕು.

ಬೆಂದ ಮೇಲೆ ಮೂರು ಗಂಟೆ ಮುಟ್ಟಬೇಡಿ. ಕಾರ್ನ್‌ಫ್ಲೋರ್ ಗಟ್ಟಿಯಾಗಿ ಕೂರುವುದು ತಣ್ಣಗಾದ ಮೇಲೆ.

ಶಿರಸಿ_ಅಡಿಗೆಮನೆ:

ಜೋನಿ ಬೆಲ್ಲ ಬೇಡ ತಂಗೀ, ಅದೇ ನೀರು ನೀರು. ಹಾಕಲೇಬೇಕು ಅಂದರೆ ರಸ ಕುದಿಸುವಾಗ ಶುರುವಿನಲ್ಲೇ ಹಾಕಿ, ಅದರ ನೀರೂ ಆರುತ್ತದೆ. ಆದರೆ ಬೆಲ್ಲದ ಘಮ ಮಾವಿನ ಮೇಲೆ ಕೂರುತ್ತದೆ. ಅದನ್ನು ಹಲಸಿಗೆ ಇಟ್ಟುಕೊಳ್ಳಿ. ಮಾವು ಮುಗಿಯುವ ಹೊತ್ತಿಗೆ ಬಕ್ಕೆ ಹಲಸು ಇದ್ದೇ ಇರುತ್ತದೆ, ತೊಳೆ ಗಟ್ಟಿ, ಸಣ್ಣಗೆ ಹೆಚ್ಚಿ ಜೋನಿ ಬೆಲ್ಲದಲ್ಲಿ ಬಾಡಿಸಿ, ಅರ್ಧ ನಿಂಬೆ ಹಿಂಡಿ, ಪೈಗೆ ಎಷ್ಟು ಚೆನ್ನಾಗಿ ಒಗ್ಗುತ್ತದೆ ಅಂದರೆ ನಮ್ಮ ಮನೆಯಲ್ಲಿ ಮಾವಿನದ್ದಕ್ಕಿಂತ ಅದನ್ನೇ ಕೇಳುತ್ತಾರೆ. ತೊಳೆ ಮೆತ್ತಗಿರುವ ಅಂಬಲಿ ಹಲಸು ಮಾತ್ರ ಪೈಗೆ ಹಾಕಬೇಡಿ, ಅದು ಕಡುಬಿಗೆ.

ಅಂಕೋಲಾ_ಹಿತ್ತಿಲು:

ಮೂರನೇ ಸಲ ಮಾಡಿದೆ. ಬಂತು!

ಬೆಣ್ಣೆ ಮನೆಯದ್ದೇ, ನಾಲ್ಕು ನೀರಿನಲ್ಲಿ ತೊಳೆದೆ. ಮೊದಲ ನೀರು ಹಾಲಿನ ಹಾಗೆ ಬೆಳ್ಳಗಿತ್ತು, ಇಷ್ಟು ಮಜ್ಜಿಗೆ ಒಳಗಿತ್ತು ಅಂತ ಅವತ್ತೇ ಗೊತ್ತಾದದ್ದು. ಬೆಳಗ್ಗೆ ಐದಕ್ಕೆ ಎದ್ದೆ, ಮಗಳೂ ಎದ್ದಳು, ಅವಳು ಐಸ್ ಹರಿವಾಣ ಇಟ್ಟು ಕಟ್ಟೆ ತಣ್ಣಗೆ ಮಾಡಿದಳು, ನಾನು ಲಟ್ಟಿಸಿದೆ. ಒಂದು ಚಮಚ ಮೈದಾ ಕೂಡ ಉದುರಿಸಲಿಲ್ಲ. ತೋತಾಪುರಿ ದೋರೆಗಾಯಿ ಎರಡು ಸಿಕ್ಕಿತು, ಪೆಟ್ಟು ತಿಂದ ಇಶಾಡ ಆರು ಕುದಿಯಲು ಹೋಯಿತು. ಟಿನ್ ಹೊಸದು. ಪಟ್ಟಿ ಹೆಣೆದದ್ದು ಮಗಳು, ಒಂದೆರಡು ಕಡೆ ತುಂಡಾಯಿತು, ಅಲ್ಲಿ ಒತ್ತಿ ಸೇರಿಸಿದಳು. 220ರಲ್ಲಿ ಇಟ್ಟಾಗ ಬಾಗಿಲ ಗಾಜಿನಿಂದ ನೋಡುತ್ತಾ ಕೂತಿದ್ದೆವು. ಐವತ್ತನೇ ನಿಮಿಷಕ್ಕೆ ನಡುವಿನ ಚೌಕದಲ್ಲಿ ಒಂದು ದಪ್ಪ ಗುಳ್ಳೆ ಎದ್ದು ಪಟ್ ಅಂತ ಒಡೆಯಿತು, ಅಣ್ಣ ಹೇಳಿದ ಹಾಗೇ.

ಮೂರು ಗಂಟೆ ಕಾಯುವುದು ಕಷ್ಟವಾಯಿತು, ಕಾದೆವು. ಚಾಕು ಇಳಿಸಿದಾಗ ತಳದಲ್ಲಿ ಕರಕ್ ಅಂತ ಸದ್ದು ಬಂತು. ನೀರು ಬರಲಿಲ್ಲ. ತುಂಡು ಪೂರ್ತಿಯಾಗಿ ಎದ್ದು ಬಂತು, ಮಗುಚಿ ನೋಡಿದರೆ ತಳ ರೊಟ್ಟಿಯ ಹಾಗೆ ಕಂದು ಬಣ್ಣ. ಮೇಲೆ ತಣ್ಣನೆ ಹಸಿ ರಸ ಸುರಿದೆವು. ಗೋಕರ್ಣದ ಅಣ್ಣಾ, ನೀವು ಹೇಳಿದ ಆ ಪರಿಮಳ ಮೊದಲ ತುತ್ತಿನಲ್ಲೇ ಸಿಕ್ಕಿತು. ನಮ್ಮ ಅತ್ತೆ ಪೈ ಅಂದರೆ ಬೇಡ ಅನ್ನುತ್ತಿದ್ದವರು, ಎರಡನೇ ತುಂಡು ಕೇಳಿ ಹಾಕಿಸಿಕೊಂಡರು.

ಒಂದೇ ಒಂದು ಕೊರತೆ. ಒಂದು ಬದಿ ಜಾಸ್ತಿ ಕಪ್ಪಾಗಿದೆ, ಎದುರಿನ ಬದಿ ತಿಳಿ ಬಣ್ಣ.

ಕಾರವಾರ_ಬೇಕರಿ:

ಓದಿ ತುಂಬಾ ಖುಷಿಯಾಯಿತು ಅಕ್ಕಾ. ಕಪ್ಪಾದದ್ದು ಒಳಗಿನ ಬದಿ ಇರಬೇಕು, ಸಣ್ಣ ಓಟಿಜಿಯಲ್ಲಿ ಬಾಗಿಲ ಕಡೆ ಬಿಸಿ ಕಡಿಮೆ. 180ಕ್ಕೆ ಇಳಿಸುವಾಗ ಟ್ರೇಯನ್ನು ಒಂದು ಸಲ ಹಿಂದು ಮುಂದು ತಿರುಗಿಸಿ, ಅಷ್ಟೇ. ಉಳಿದ ಪೈ ರಾತ್ರಿ ಹೊರಗಿಡಬೇಡಿ, ಈ ಸೆಕೆಯಲ್ಲಿ ಹುಳಿ ಬರುತ್ತದೆ. ಫ್ರಿಜ್‌ನಲ್ಲಿಟ್ಟು, ತಿನ್ನುವ ಮೊದಲು ದೋಸೆ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ ಇಟ್ಟರೆ ತಳ ಮತ್ತೆ ಗರಿಯಾಗುತ್ತದೆ.

ಅಂಕೋಲಾ_ಹಿತ್ತಿಲು:

ಉಳಿದಿದ್ದರೆ ತಾನೆ ಅಣ್ಣಾ, ಸಂಜೆ ಚಹಾದ ಹೊತ್ತಿಗೆ ಟಿನ್ ಖಾಲಿ. ಶಿರಸಿ ಅಕ್ಕಾ, ಹಿತ್ತಿಲ ಬಕ್ಕೆ ಹಲಸಿನಲ್ಲಿ ಒಂದು ಕಾಯಿ ಬಡಿದರೆ ಡಬ್ ಡಬ್ ಅನ್ನುತ್ತಿದೆ, ಇನ್ನು ನಾಲ್ಕು ದಿನಕ್ಕೆ ಹಣ್ಣಾಗಬಹುದು. ಒಂದು ಕಿಲೋ ತೊಳೆಗೆ ಜೋನಿ ಬೆಲ್ಲ ಎಷ್ಟು ಹಾಕುತ್ತೀರಿ?

ಶಿರಸಿ_ಅಡಿಗೆಮನೆ:

ಹಣ್ಣು ಚೆನ್ನಾಗಿ ಸಿಹಿ ಇದ್ದರೆ ಮುಕ್ಕಾಲು ಲೋಟ ಸಾಕು. ಮೊದಲು ಒಂದು ತೊಳೆ ತಿಂದು ನೋಡಿ, ಆಮೇಲೆ ಅಳೆಯಿರಿ.